ಹತ್ತಿ ತಾಕದ ಬೆರಳು

ಸೋಮವಾರ, ಸಂಜೆ ನಾಲ್ಕು ಗಂಟೆ. ಜಯನಗರದ ಮನೆಯ ಮುಂಗೋಣೆಯಲ್ಲಿ ಡಾಕ್ಟರು, ಅವರ ಹೆಂಡತಿ ಮತ್ತು ನಾನು. ಡಾಕ್ಟರ ಬಲಗೈ ದಿಂಬಿನ ಮೇಲೆ ಅಂಗಾತ ಬಿದ್ದಿತ್ತು. ಹೆಬ್ಬೆರಳಿನ ಬುಡ ಗುಳಿಬಿದ್ದಿತ್ತು, ಕಿರುಬೆರಳು ಕೊಕ್ಕೆಯಾಗಿತ್ತು. ಚರ್ಮ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ನರ ಹೋದ ಕೈ ಬೆವರುವುದಿಲ್ಲ, ಅದಕ್ಕೇ ಆ ಹೊಳಪು ಎಂದು ನನಗೆ ಕಲಿಸಿದವರು ಅವರೇ.

ನಾನು ಮೂಳೆ ವಾರ್ಡಿನ ಸಿಸ್ಟರ್ ಆಗಿದ್ದಷ್ಟು ಕಾಲವೂ ಅವರು ನಮ್ಮ ದೊಡ್ಡ ಡಾಕ್ಟರು. ಮುರಿದ ಮೂಳೆ ಕೂಡಿಸುವುದು ಅವರ ಕೆಲಸ. ಅದರ ಜೊತೆ ತುಂಡಾದ ನರವನ್ನು ಮತ್ತೆ ಬೆಳೆಸುವುದು ಅವರ ಹುಚ್ಚು. ಕಾಲಿನಿಂದ ಸಣ್ಣ ನರವೊಂದನ್ನು ತೆಗೆದು, ಕೈಯ ಕಡಿದ ಜಾಗಕ್ಕೆ ಸೇತುವೆಯಂತೆ ಹೊಲಿಯುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. "ಇದು ಬಸವನಹುಳು ಸಿಸ್ಟರ್. ಹಿಂದಿನಿಂದ ತಳ್ಳಕ್ಕಾಗಲ್ಲ" ಎನ್ನುತ್ತಿದ್ದರು.

ರೌಂಡ್ಸಿಗೆ ಒಂದು ನಿಮಿಷ ತಡವಾಗಿ ಬಂದವರಲ್ಲ. ಬೇಸಿಗೆಯಲ್ಲೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡೇ ರೋಗಿಯನ್ನು ಮುಟ್ಟುತ್ತಿದ್ದರು. ಮೊದಲು ಚೆನ್ನಾಗಿರುವ ಕೈ, ಆಮೇಲೆ ಪೆಟ್ಟಾದದ್ದು. ರೋಗಿ ಕಣ್ಣು ಮುಚ್ಚಬೇಕು, ಇವರು ಹತ್ತಿಯ ಎಳೆ ತಾಕಿಸಿ "ಎಲ್ಲಿ ಮುಟ್ಟಿದೆ?" ಎಂದು ಕೇಳುವರು. ನಡುನಡುವೆ ಮುಟ್ಟದೆಯೂ ಕೇಳುವರು. ನಮ್ಮ ಜನಕ್ಕೆ ಡಾಕ್ಟರ ಮುಖ ನೋಡಿ ಇಲ್ಲ ಎನ್ನಲು ಸಂಕೋಚ. ಆ ಸಂಕೋಚದ 'ಹೌದು' ತಮ್ಮ ಸಂಶೋಧನೆಯ ಲೆಕ್ಕದೊಳಗೆ ಸೇರಿಬಿಟ್ಟರೆ, ನಾಳೆ ನರ ತೆಗೆಯಲು ಇನ್ನೊಬ್ಬರ ಕಾಲನ್ನು ಸುಳ್ಳು ಭರವಸೆಯ ಮೇಲೆ ಕೊಯ್ಯಬೇಕಾಗುತ್ತದೆ ಎಂಬ ಭಯ ಅವರಿಗೆ.

ಹೊಸಕೆರೆಹಳ್ಳಿಯಿಂದ ಹೂ ಕಟ್ಟುವ ಹೆಂಗಸೊಬ್ಬಳು ಬರುತ್ತಿದ್ದಳು. ಮೊಣಕೈ ಮುರಿದಾಗ ನರ ಕಡಿದಿತ್ತು. ಒಮ್ಮೆ ಹೀಗೇ ಮುಟ್ಟದೆ ಕೇಳಿದಾಗ ಅವಳ ಮುಖ ಅರಳಿತು.

"ಕಿರುಬೆಳ್ಳು ಸಾರ್!"

"ನಾನು ಮುಟ್ಟೇ ಇಲ್ವಲ್ಲಮ್ಮ. ನನ್ನ ಖುಷಿಗೆ ಸುಳ್ಳು ಹೇಳ್ಬೇಡಿ."

"ಮಕ್ಕಳಾಣೆ ಸಾರ್, ತಾಕ್ತು."

ವಾರ್ಡಿನಲ್ಲಿ ಯಾರೋ ನಕ್ಕರು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮತ್ತೆ ತೋರಿಸಲು ಬರಲಿಲ್ಲ.

ನಿವೃತ್ತಿಯ ನಂತರ ಡಾಕ್ಟರು ಫುಟ್‌ಪಾತಿನ ಸಡಿಲ ಚಪ್ಪಡಿ ಎಡವಿ ಬಿದ್ದರು. ಬಲಭುಜದ ನರ ಹರಿಯಿತು. ಅವರ ಶಿಷ್ಯನೇ ಅವರ ವಿಧಾನದಲ್ಲೇ ಹೊಲಿದ. "ನನ್ನ ಕೈಯಲ್ಲೇ ಹುಳಿಯನ್ನ ಕಲಸ್ಕೊಂಡು ತಿಂದ್ರೆ ಸಾಕು, ಬೇರೇನೂ ಬೇಡ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಪರೀಕ್ಷೆಗೆ ಮಾತ್ರ ಶಿಷ್ಯರನ್ನು ಒಲ್ಲದೆ ಶ್ರೀನಗರದಿಂದ ನನ್ನನ್ನು ಕರೆಸಿದರು. "ಹುಡುಗ್ರು ನನ್ನ ಮುಖ ನೋಡಿ ಮಾರ್ಕ್ಸ್ ಹಾಕ್ತಾರೆ. ನೀವು ಹಾಕಲ್ಲ."

ಹಾಗಾಗಿ ಪ್ರತಿ ಸೋಮವಾರ ಹತ್ತಿಯ ಡಬ್ಬಿಯೊಂದಿಗೆ ನಾನು.

"ನಾನು ಚಿವುಟಿದ್ರೇ ಗೊತ್ತಾಗಲ್ಲ ಇವ್ರಿಗೆ, ನೀವು ಹತ್ತೀಲಿ ಸವರ್ತೀರ" ಎಂದು ಆ ಸೋಮವಾರ ಅವರ ಹೆಂಡತಿ ಕಾಫಿ ತರಲು ಎದ್ದರು.

"ನೀನು ಚಿವುಟೋದು ನಲವತ್ತು ವರ್ಷದಿಂದ ಅಭ್ಯಾಸ ಆಗಿದೆ" ಎಂದರು ಡಾಕ್ಟರು, ಕಣ್ಣು ಮುಚ್ಚಿಕೊಂಡು.

ಅಂಗೈ ಉಜ್ಜಿಕೊಂಡೆ. ಎಡಗೈ ಮುಟ್ಟಿ, ಬಲಗೈಗೆ ಬಂದೆ. ಹೆಬ್ಬೆರಳು, ಗೊತ್ತಾಗಲಿಲ್ಲ. ತೋರುಬೆರಳು, ಗೊತ್ತಾಗಲಿಲ್ಲ. ಆಮೇಲೆ, ಅವರು ಕಲಿಸಿದಂತೆಯೇ, ಹತ್ತಿಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಕೇಳಿದೆ.

"ಎಲ್ಲಿ ಮುಟ್ಟಿದೆ ಸಾರ್?"

"ಕಿರುಬೆರಳು. ತುದಿ. ಅಯ್ಯೋ ಸಿಸ್ಟರ್, ಎಷ್ಟು ಚೆನ್ನಾಗಿ ಗೊತ್ತಾಯ್ತು!"

ಕಾಫಿ ಹಿಡಿದು ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತರು.

"ಮುಟ್ಟಿರ್ಲಿಲ್ಲ ಸಾರ್."

ಡಾಕ್ಟರು ಕಣ್ಣು ತೆರೆಯದೆಯೇ ಹೇಳಿದರು.

"ಹೂವಿನವಳು ಸುಳ್ಳು ಹೇಳಿರ್ಲಿಲ್ಲ ಸಿಸ್ಟರ್. ನಿಜವಾಗ್ಲೂ ತಾಕುತ್ತೆ. ನನಗೆ ಈಗ್ಲೂ ತಾಕ್ತಾ ಇದೆ."

ಕಾಫಿ ಮುಟ್ಟದೆ ಶಿಷ್ಯನಿಗೆ ಫೋನ್ ಮಾಡಿಸಿದರು. "ಮುಟ್ಟದೆ ಕೇಳೋದನ್ನ ಬಿಡ್ಬೇಡ. ಆದ್ರೆ ತಾಕ್ತು ಅಂದವ್ರಿಗೆ ಸುಳ್ಳು ಅನ್ಬೇಡ. ಹೇಗಿತ್ತು ಅಂತ ಕೇಳು. ಪಕ್ಕದಲ್ಲಿ ಕೂತ್ಕೊಂಡು ಕೇಳು." ಆಮೇಲೆ ನನ್ನತ್ತ ತಿರುಗಿ, "ಅವಳನ್ನ ಹುಡುಕ್ತೀರಾ?" ಎಂದರು.

ಮರುದಿನವೇ ಹೊಸಕೆರೆಹಳ್ಳಿಗೆ ಹೋದೆ. ಅವಳಿದ್ದ ವಠಾರದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ದೇವಸ್ಥಾನದ ಮುಂದೆ ಹೂ ಮಾರುವವರನ್ನೆಲ್ಲ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಸೋಮವಾರ ಹೇಳಿದರಾಯಿತು ಎಂದುಕೊಂಡೆ. ಶನಿವಾರ ಡಾಕ್ಟರು ಮಧ್ಯಾಹ್ನದ ನಿದ್ದೆಯಿಂದ ಏಳಲಿಲ್ಲ.

ಈಗ ಹೊಸ ರೋಗಿಗಳ ಪಕ್ಕದಲ್ಲಿ ಅವರ ಶಿಷ್ಯರು ಕೂತು ಕೇಳುತ್ತಾರಂತೆ. ನನಗೆ ಉಳಿದಿರುವುದು ಬೇರೆ. ಅವರು ಹೋದ ಮೇಲಿನ ಮೊದಲ ಸೋಮವಾರ, ನಾಲ್ಕು ಗಂಟೆಗೆ, ಕೆಲಸವಿಲ್ಲದ ನನ್ನ ಕೈಗಳನ್ನು ಮಡಿಲಲ್ಲಿಟ್ಟು ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ. ಶ್ರೀನಗರದ ನನ್ನ ಮನೆಯಲ್ಲಿ ನಾನೊಬ್ಬಳೇ. ಬಲಗೈಯ ಕಿರುಬೆರಳ ತುದಿಗೆ ಏನೋ ತಾಕಿತು: ಹಗುರ, ಬೆಚ್ಚಗೆ.

"ಕಿರುಬೆರಳು ಸಾರ್" ಎಂದೆ.

ಕಣ್ಣು ತೆರೆದಾಗ ಹತ್ತಿಯ ಡಬ್ಬಿ ಮೇಜಿನ ಮೇಲೆ ಮುಚ್ಚಿದಂತೆಯೇ ಇತ್ತು. ಎದ್ದು ಅದನ್ನು ಒರೆಸಿ ಕಪಾಟಿನಲ್ಲಿ ಅದರ ಜಾಗದಲ್ಲಿಟ್ಟು, ಬಾಗಿಲು ಹಾಕಿದೆ.