ಸಣ್ಣಮಾದಯ್ಯನ ಸೊಟ್ಟ ಹೆಬ್ಬೆರಳು

ಹೂಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅನ್ನ ಬಡಿಸುವ ಸಣ್ಣಮಾದಯ್ಯನ ತಲೆಗೆ ಒಂದು ಸೋಮವಾರ ಕಾಗೆ ಬಡಿಯಿತು. ಅವನೇನೂ ಹೆದರಲಿಲ್ಲ; ಹೆದರಿದವಳು ಹೆಂಡತಿ ಚಾಮುಂಡೇಶ್ವರಿ.

"ಸತ್ತೋದ್ರಿ ಅಂತ ನೆಂಟ್ರಿಗೆಲ್ಲ ಸುಳ್ಳು ಸುದ್ದಿ ಕಳಿಸ್ಬುಡನ. ಒಬ್ರಾದ್ರೂ ಅತ್ರೆ ದೋಸ ಕಳೀತದೆ ಕಣ್ರೀ."

ಹಿಂದೆಲ್ಲ ಇದು ಸುಲಭವಾಗಿತ್ತು. ಈಗ ವಾಟ್ಸಾಪಿನಲ್ಲಿ 'ಸಣ್ಣಮಾದಯ್ಯ ಇನ್ನಿಲ್ಲ' ಎಂದು ಹಾಕಿದ ಅರೆನಿಮಿಷಕ್ಕೆ ಭಾವಮೈದ ಸಿದ್ದಪ್ಪಾಜಿ ಕೇಳಿದ: "ಕಾಗೆ ಎಲ್ಲಿ ಬಡೀತು ಭಾವ?" ಉಳಿದವರು ಕೈಮುಗಿದ ಚಿತ್ರ ಒತ್ತಿ ತಮ್ಮ ಕೆಲಸಕ್ಕೆ ಹೋದರು. ತನಗಾಗಿ ಅಳುವವರು ಒಬ್ಬರೂ ಇಲ್ಲವೇ ಎಂಬ ಯೋಚನೆ ಅವನನ್ನು ಕಾಗೆಗಿಂತ ಜೋರಾಗಿ ಕುಕ್ಕಿತು.

ಒಬ್ಬಳಿದ್ದಳು, ನಂಜನಗೂಡಿನ ತಂಗಿ ಪುಟ್ಟಸಿದ್ದಮ್ಮ. ಆದರೆ ಗೃಹಪ್ರವೇಶಕ್ಕೆ ಅರಿಶಿನ ಕುಂಕುಮ ಕೊಟ್ಟು ಕರೆಯದೆ ಮೊಬೈಲಿಗೆ ಕಾರ್ಡು ಕಳಿಸಿದನೆಂದು ನಾಲ್ಕು ವರ್ಷದಿಂದ ಅವಳು ಅಣ್ಣನ ಜೊತೆ ಮಾತನ್ನೂ ಬಿಟ್ಟಿದ್ದಳು, ನೆಂಟರ ಗ್ರೂಪನ್ನೂ ಬಿಟ್ಟಿದ್ದಳು. ತಪ್ಪು ಇವನದೇ, ಬಿಡಿ.

ಅಷ್ಟರಲ್ಲಿ ಚಾಮರಾಜಪುರಂನ ಹಳೇ ಮನೆಯೊಂದಕ್ಕೆ ಟೀವಿಯವರು ಬಂದರು. ನೂರು ವರ್ಷದ ಹಳೆಯ ಪತ್ತೇದಾರಿ ಕಥೆಯನ್ನು ಈ ಕಾಲಕ್ಕೆ ಒಗ್ಗಿಸಿ ಧಾರಾವಾಹಿ ಮಾಡುತ್ತಿದ್ದರು. ಹೆಣವಾಗಿ ಅಲುಗದೆ ಮಲಗುವವನೊಬ್ಬ ಬೇಕಿತ್ತು. ಶಿಫ್ಟ್ ಬಸ್ಸಿನಲ್ಲಿ ನಿಂತೇ ನಿದ್ದೆ ಹೊಡೆಯುವ ಸಣ್ಣಮಾದಯ್ಯನಿಗಿಂತ ಯೋಗ್ಯರು ಯಾರು? ರಜೆಯ ದಿನ ಅಲ್ಲಿ ಊಟ ಬಡಿಸಲು ಹೋದವನು ಹೆಣವಾಗಿ ಆಯ್ಕೆಯಾದ. ಮೂಲಕಥೆಯ ಪತ್ತೇದಾರ ಭೂತಗನ್ನಡಿ ಹಿಡಿದು ಒಂದು ಅಧ್ಯಾಯವಿಡೀ ಸತ್ತವನ ಮುಖವನ್ನೇ ನೋಡುತ್ತಾನೆ ಎಂದು ನಿರ್ದೇಶಕ ಬಿಂದುಮಾಧವ ಭರವಸೆ ಕೊಟ್ಟ.

ಚಾಮುಂಡೇಶ್ವರಿ ಹಿಗ್ಗಿದಳು. "ಗುರ್ತಿಲ್ದೋರು ಸತ್ರೇ ಟೀವಿ ಮುಂದೆ ಗೊಳೋ ಅಂತಾರೆ. ನಿಮ್ಮುನ್ನ ನೋಡಿ ಅಳ್ದೆ ಇದ್ದಾರಾ?" ಎಲ್ಲರಿಗೂ ಫೋನು ಮಾಡಿದಳು. ನಂಜನಗೂಡಿಗೂ ಮಾಡಿದಳು, ಪುಟ್ಟಸಿದ್ದಮ್ಮ ಎತ್ತಲಿಲ್ಲ.

ಪ್ರಸಾರದ ಸಂಜೆ ಬಂದೇ ಬಂತು. ಹೊಸ ಕಾಲದ ಪತ್ತೇದಾರಿಣಿ ಹೆಣದ ಹತ್ತಿರವೂ ಸುಳಿಯಲಿಲ್ಲ. ಕಾಫಿ ಕುಡಿಯುತ್ತ ಲ್ಯಾಪ್‌ಟಾಪಿನಲ್ಲೇ ಕೊಲೆಗಾರನನ್ನು ಹಿಡಿದುಬಿಟ್ಟಳು. ಬಿಳಿ ಬಟ್ಟೆಯಡಿಯಿಂದ ಚಾಚಿದ್ದ ಎಡಗಾಲು ಮಾತ್ರ ಮೂರು ಕ್ಷಣ ಕಂಡಿತು.

"ಮೊಕ ಎಲ್ಲೋಯ್ತು ಭಾವ?" ಎಂದು ಸಿದ್ದಪ್ಪಾಜಿ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. ಸಣ್ಣಮಾದಯ್ಯನಿಗೆ ನಿಜಕ್ಕೂ ದುಃಖವಾಯಿತು. ಟೀವಿ ಆರಿಸಿಬಿಟ್ಟ.

ಮತ್ತೆ ಫೋನು ಬಡಿದುಕೊಂಡಿತು.

"ಅಣ್ಣೋ..." ಪುಟ್ಟಸಿದ್ದಮ್ಮ ಬಿಕ್ಕುತ್ತಿದ್ದಳು. "ಟೀವೀಲಿ ಹೆಣದ ಕಾಲು ತೋರ್ಸುದ್ರು. ಹೆಬ್ಬೆಟ್ಟು ಸೊಟ್ಟಗಿತ್ತು. ಚಿಕ್ಕೋಳಿದ್ದಾಗ ನಾನು ರುಬ್ಬೋ ಗುಂಡು ಬೀಳಿಸಿದ್ನಲ್ಲ, ಅದೇ ಬೆಟ್ಟು. ನಾಟ್ಕ ಅಂತ ಗೊತ್ತು ಕಣಣ್ಣ, ಆದ್ರೂ ತಡ್ಕೊಳಕ್ಕಾಗ್ನಿಲ್ಲ. ನೀ ಚೆನ್ನಾಗಿದ್ದೀಯಾ?"

"ಅಳ್ತಾವ್ಳಾ?" ಚಾಮುಂಡೇಶ್ವರಿ ಪಿಸುಗುಟ್ಟಿದಳು. ಅವನು ಹೂಂ ಎಂದು ತಲೆಯಾಡಿಸಿದ. ದೋಷ ಕಳೆಯಿತೆಂದು ಅವಳು ದೇವರಿಗೆ ದೀಪ ಹಚ್ಚಲು ಓಡಿದಳು.

ಸಣ್ಣಮಾದಯ್ಯ ಎಡಗಾಲಿನ ಸೊಟ್ಟ ಹೆಬ್ಬೆರಳನ್ನು ಸವರಿಕೊಂಡ.

"ನಾಳೆ ಬತ್ತೀನಿ ಕಣವ್ವ," ಎಂದ. "ಅರಿಶಿನ ಕುಂಕುಮ ತಕ್ಕೊಂಡು. ಗೃಹಪ್ರವೇಶಕ್ಕೆ ಕರಿಯಾಕೆ."