ಅವ್ವನ ಸಹಿಗೆ ಸಿಗದ ಸ್ಟಾರು

ಮೂರನೇ ಕ್ಲಾಸಿನ ಗೋಡೆಗೆ ಹಚ್ಚಿದ್ದ ಚಾರ್ಟಿನಲ್ಲಿ, ಆ ಒಂದು ತಿಂಗಳು, ನನ್ನ ಹೆಸರಿನ ಮುಂದೆ ಹನ್ನೆರಡು ಚೌಕ ಖಾಲಿ ಇದ್ದವು. ಹನ್ನೊಂದರ ಕಾರಣ ಒಂದೇ ಒಂದು ಸಹಿ. ಹನ್ನೆರಡನೆಯದರಲ್ಲಿ ಅಂಟಿಸಿಯಾಗಿದ್ದ ಸ್ಟಾರನ್ನು ಅವ್ವ ಕೀಳಿಸಿದಳು. ಎರಡರ ಬಗ್ಗೆಯೂ ನನಗೆ ಪಶ್ಚಾತ್ತಾಪವಿಲ್ಲ. ಶಾಲೆಯ ದಿನಗಳನ್ನು ನೆನೆಯುವವರು ಕೊನೆಗೆ ಟೀಚರ ಪಾದಕ್ಕೆ ಬಿದ್ದು ಮುಗಿಸುವುದುಂಟು. ನಾನು ಬೀಳುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ.

ಆಗ ನಾವು ನಾಸಿಕದಲ್ಲಿದ್ದೆವು. ಅಪ್ಪ ಬ್ಯಾಂಕಿನವನು. ಕಲಬುರಗಿಯ ಕಡೆಯಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು, ಪಂಚವಟಿಯ ಒಂದು ಗಲ್ಲಿಯಲ್ಲಿ ಮೊದಲನೇ ಮಹಡಿಯ ಎರಡು ಕೋಣೆಯ ಮನೆ. ಶಾಲೆ ಬೆಳಿಗ್ಗೆ ಏಳಕ್ಕೆ. ಆರೂವರೆಗೆ ಕೆಳಗೆ ರಿಕ್ಷಾದ ಹಾರ್ನ್ ಕೇಳುತ್ತಿತ್ತು, ಎಂಟು ಮಕ್ಕಳನ್ನು ತುರುಕಿಕೊಂಡು ಅದು ಹೊರಡುತ್ತಿತ್ತು. ಪ್ರಾರ್ಥನೆ ಮತ್ತು ಪ್ರತಿಜ್ಞೆ ಮುಗಿದ ಕೂಡಲೇ ಮಾನಿಟರ್ ಎಲ್ಲರ ಡೈರಿ ಒಟ್ಟು ಮಾಡಿ ಟೀಚರ ಮೇಜಿನ ಮೇಲೆ ಗುಡ್ಡೆ ಹಾಕುತ್ತಿದ್ದ.

ಡೈರಿಯ ಪ್ರತಿ ಪುಟದ ಕೆಳಗೆ ಪಾಲಕರ ಸಹಿಗೆ ಒಂದು ಗೆರೆ. ಹೋಂವರ್ಕ್ ಆಗಿ, ಗೆರೆಯ ಮೇಲೆ ಸಹಿ ಇದ್ದರೆ ಚಾರ್ಟಿನಲ್ಲಿ ಒಂದು ಬಂಗಾರದ ಬಣ್ಣದ ಸ್ಟಾರ್. ಹತ್ತು ಸ್ಟಾರಿಗೆ ಒಂದು ಪೆನ್ಸಿಲ್. ಪೆನ್ಸಿಲ್ ಯಾರಿಗೆ ಬೇಕಿತ್ತು? ನಮಗೆಲ್ಲ ಬೇಕಾಗಿದ್ದದ್ದು ಗಂಟೆ. ತಿಂಗಳಲ್ಲಿ ಎಲ್ಲರಿಗಿಂತ ಹೆಚ್ಚು ಸ್ಟಾರ್ ಪಡೆದವರಿಗೆ ಕೊನೆಯ ಶನಿವಾರ ಮನೆಗೆ ಬಿಡುವ ಗಂಟೆ ಬಾರಿಸಲು ಸಿಗುತ್ತಿತ್ತು. ವರಾಂಡದಲ್ಲಿ ತೂಗುಹಾಕಿದ್ದ ಹಿತ್ತಾಳೆಯ ದಪ್ಪ ತಟ್ಟೆ, ಪಕ್ಕದಲ್ಲಿ ಮರದ ಸುತ್ತಿಗೆ. ಇಡೀ ಶಾಲೆ ನೀವು ಹೊಡೆಯಲಿ ಎಂದು ಬ್ಯಾಗ್ ಬೆನ್ನಿಗೇರಿಸಿ ಕಾಯುತ್ತಿರುತ್ತದೆ. ಎಂಟು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಅಧಿಕಾರ ಬೇರೆ ಯಾವುದಿದೆ, ಹೇಳಿ.

ದೀಪಾವಳಿ ರಜೆಯ ತನಕ ಸಹಿ ಅಪ್ಪನದು. ಸಂಜೆ ಬಂದು ಚೀಲ ಗೂಟಕ್ಕೆ ಹಾಕುತ್ತಲೇ, ಒಳಗೇನಿದೆ ಎಂದು ನೋಡದೆ, ಎಡಗೈಯಲ್ಲಿ ಡೈರಿ ಹಿಡಿದು ಬಲಗೈಯಲ್ಲಿ ಒಂದು ಗೀಚು ಗೀಚುತ್ತಿದ್ದ. ರಜೆಯಾದ ಮೇಲಿನ ತಿಂಗಳ ಮೊದಲ ವಾರದಲ್ಲೇ ಅಪ್ಪನನ್ನು ದಿಂಡೋರಿಯ ಶಾಖೆಗೆ ಹಾಕಿದರು. ಬಸ್ಸಿನಲ್ಲಿ ಅವನು ಮನೆ ಮುಟ್ಟುವಷ್ಟರಲ್ಲಿ ನಾನು ನಿದ್ದೆ ಹೋಗಿರುತ್ತಿದ್ದೆ, ಬೆಳಿಗ್ಗೆ ನಾನು ಹೊರಡುವಾಗ ಅವನಿನ್ನೂ ಹಾಸಿಗೆ ಬಿಟ್ಟಿರುತ್ತಿರಲಿಲ್ಲ. ಹೀಗೆ ಸಹಿಯ ಕೆಲಸ ಅವ್ವನ ಪಾಲಿಗೆ ಬಂತು.

ಅವ್ವ ಓದಿದ್ದು ಏಳನೇ ಇಯತ್ತೆಯ ತನಕ, ಕನ್ನಡ ಶಾಲೆಯಲ್ಲಿ. ನನ್ನದು ಇಂಗ್ಲಿಷ್ ಶಾಲೆ. ಆದರೆ ಹೋಂವರ್ಕ್ ನೋಡುವ ಕೆಲಸ ಅವ್ವ ಮೊದಲಿನಿಂದ ಮಾಡುತ್ತಿದ್ದಳು, ಅವಳದೇ ಒಂದು ರೀತಿಯಲ್ಲಿ. ಪರಾತದಲ್ಲಿ ಜೋಳದ ಹಿಟ್ಟು ನಾದುತ್ತ ಕೂತು, "ಓದು" ಅನ್ನುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಓದಬೇಕು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಬೇಕು. ಎಲ್ಲಿ ತಡವರಿಸಿದೆನೋ ಅಲ್ಲಿ ತಪ್ಪಿದೆ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. "ಮತ್ತೊಮ್ಮಿ ಹೇಳು. ನಿನಗ ತಿಳದಿಲ್ಲ ಅದು" ಅನ್ನುತ್ತಿದ್ದಳು. ಗಣಿತವಂತೂ ಬಾಯಲ್ಲೇ ಬಿಡಿಸಿ, ನನ್ನ ಉತ್ತರ ಬರುವುದರೊಳಗೆ ತನ್ನದು ಹೇಳಿ ಮುಗಿಸುತ್ತಿದ್ದಳು.

ಸಹಿ ಅವಳ ಪಾಲಿಗೆ ಬಂದ ಮೊದಲ ಸಂಜೆ, ಇದೆಲ್ಲ ಆದ ಮೇಲೆ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿ, ಡೈರಿಯನ್ನು ನೆಲದ ಮೇಲೆ ನೇರವಾಗಿಟ್ಟು ಸಹಿ ಮಾಡಿದಳು. ಐದಕ್ಷರದ ಹೆಸರು, ಕನ್ನಡದಲ್ಲಿ, ಒಂದೊಂದೇ ಅಕ್ಷರ ದುಂಡಗೆ. ಒಂದು ನಿಮಿಷ ಹಿಡಿಯಿತು. ನನಗೆ ಅದು ಬಹಳ ಚಂದ ಕಂಡಿತು.

ಮಾರನೆಯ ದಿನ ಟೀಚರ್ ಡೈರಿ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. ಈ ಜಿಲೇಬಿ ಯಾರು ಬಿಡಿಸಿದ್ದು ಎಂದು ಮರಾಠಿಯಲ್ಲಿ ಕೇಳಿದರು. ಐವತ್ತು ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಅವ್ವನ ಸಹಿ ಅಂದೆ. ನೀನೇ ಗೀಚಿಕೊಂಡು ಬಂದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ, ಅಪ್ಪನದು ತಾ, ಇಲ್ಲವೇ ಇಂಗ್ಲಿಷಿನಲ್ಲಿ ಮಾಡಿಸಿಕೊಂಡು ಬಾ ಅಂದರು. ಮಕ್ಕಳು ಕಳ್ಳ ಸಹಿ ಹಾಕುತ್ತಿದ್ದದ್ದು ನಿಜ. ಅವರ ಅನುಮಾನದಲ್ಲಿ ಒಂದಿಷ್ಟು ಹುರುಳಿತ್ತು ಎಂದು ಈಗ ಒಪ್ಪಿಕೊಳ್ಳಬಹುದು. ಒಪ್ಪಿಕೊಳ್ಳುವುದಿಲ್ಲ. ಅನುಮಾನ ಬೇರೆ, ಜಿಲೇಬಿ ಬೇರೆ. ಆ ದಿನ ಸ್ಟಾರ್ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ರವಿವಾರ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಜಗಳವೆಂದರೆ ಆಗದು. ಊರು ಅವರದು, ಶಾಲೆ ಅವರದು, ಸುಮ್ಮನೆ ಯಾಕೆ ಎಂಬ ಸ್ವಭಾವ. "ಅಷ್ಟೇ ಏನ? ತಾ ಇಲ್ಲಿ" ಅಂದವನೇ ಸೋಮವಾರದಿಂದ ಶನಿವಾರದ ತನಕ ಆರೂ ಪುಟಗಳಿಗೆ ಒಂದೇ ಉಸಿರಿನಲ್ಲಿ ಸಹಿ ಗೀಚಿಬಿಟ್ಟ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬ್ಯಾಂಕಿನ್ಯಾಗ ಖಾಲಿ ಕಾಗದಕ್ಕ ಸಹಿ ಮಾಡ್ತೀರೇನ್ರಿ?" ಎಂದು ಕೇಳಿದಳು.

ಅಪ್ಪ ನಕ್ಕ. "ಇದು ಬ್ಯಾಂಕ್ ಅಲ್ಲಲ್ಲ."

ಅವ್ವ ನಗಲಿಲ್ಲ. ಸೋಮವಾರ ಸಂಜೆ ನಾನು ಪರಾತದ ಮುಂದೆ ಪುಸ್ತಕ ಹಿಡಿದು ಕೂತರೆ ಅವಳು ತಲೆ ಎತ್ತಲಿಲ್ಲ. "ಸಹಿ ಮೊದ್ಲೇ ಆಗೇದಲ್ಲ, ಇನ್ನ ನಾ ಏನ್ ನೋಡ್ಲಿ?" ಅಂದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸ ಕಳೆದುಕೊಂಡವಳ ಸಪ್ಪೆ ಮಾತಾಗಿತ್ತು. ಒಬ್ಬಳೇ ಕೂತು ಬರೆದೆ.

ಮಂಗಳವಾರ ಸ್ಟಾರ್ ಬಂತು, ಬುಧವಾರವೂ ಬಂತು. ಟೀಚರ್ ಸಹಿ ನೋಡುತ್ತಿದ್ದರು, ನೋಟ್‌ಬುಕ್ಕಿನ ಮೇಲೆ ಕಣ್ಣು ಹಾಯಿಸಿ ಕೆಂಪು ಗೆರೆ ಎಳೆಯುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಕೆಟ್ಟ ಕುತೂಹಲ ಹುಟ್ಟಿತ್ತು. ಗುರುವಾರಕ್ಕೆ ತರಬೇಕಾಗಿದ್ದ ಪ್ರಶ್ನೆ, ಗೋದಾವರಿ ಎಲ್ಲಿ ಹುಟ್ಟುತ್ತದೆ ಎಂಬುದು. ನಾಸಿಕದಲ್ಲಿ ಅದು ಗೊತ್ತಿಲ್ಲದ ಕೂಸೇ ಇಲ್ಲ. ನಾವು ಬಂದ ಹೊಸತರಲ್ಲಿ ಅದು ಹುಟ್ಟುವ ತ್ರ್ಯಂಬಕಕ್ಕೆ ಹೋಗಿ ಕುಂಡದ ತಣ್ಣೀರಿನಲ್ಲಿ ಕಾಲಿಟ್ಟು ಬಂದಿದ್ದೆವು. ಬೇಕೆಂದೇ, ದುಂಡಗಿನ ಅಕ್ಷರದಲ್ಲಿ, ದಿಂಡೋರಿ ಎಂದು ಬರೆದೆ. ಅಪ್ಪನ ಸಹಿ ಇತ್ತು. ಕೆಂಪು ರೈಟ್ ಗುರುತು ಬಿತ್ತು, ಸ್ಟಾರೂ ಬಂತು.

ಆ ಸ್ಟಾರ್ ನೋಡಿದಾಗ ಬಂದ ಸಿಟ್ಟು ಈಗಲೂ ನೆನಪಿದೆ. ಅವ್ವ ಒಂದು ಗಂಟೆ ಕೂತು ನೋಡಿ ಮಾಡಿದ ಸಹಿ ಜಿಲೇಬಿ. ಅಪ್ಪ ನೋಡದೆ ನಾಲ್ಕು ದಿನ ಮೊದಲೇ ಮಾಡಿಟ್ಟ ಸಹಿಗೆ ಬಂಗಾರದ ಸ್ಟಾರು. ಇದು ಯಾವ ಊರಿನ ನ್ಯಾಯ? ಮುಂದಿನ ರವಿವಾರ ಅಪ್ಪ ಪೆನ್ನಿನ ಟೋಪಿ ತೆಗೆದಾಗ ನಾನು ಡೈರಿಯ ಮೇಲೆ ಕೂತುಬಿಟ್ಟೆ.

"ನೀ ಮಾಡಬ್ಯಾಡ. ಅವ್ವ ಮಾಡ್ತಾಳ."

"ಸ್ಟಾರ್ ಕೊಡಂಗಿಲ್ಲ ನೋಡು ಮತ್ತ."

"ಕೊಡದಿದ್ರ ಬಿಡ್ಲಿ."

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು, "ಗಂಟಿ ಬಾರಸೋದು ಬ್ಯಾಡೇನ್ ನಿನಗ?"

"ಬ್ಯಾಡ" ಅಂದೆ. ಹಸಿ ಸುಳ್ಳು. ಕನಸಿನಲ್ಲೂ ಆ ಸುತ್ತಿಗೆ ಬರುತ್ತಿತ್ತು.

ಸೋಮವಾರ ಸಂಜೆ ಅವ್ವ ಹಿಟ್ಟು ನಾದುತ್ತ, "ಓದು" ಅಂದಳು. ಓದಿದೆ. ಕೈ ತೊಳೆದು ಸಹಿ ಮಾಡಿದಳು. ಮಾರನೆಯ ದಿನ ಸ್ಟಾರ್ ಇಲ್ಲ. ಹೀಗೆ ಒಂಬತ್ತು ದಿನ. ಮೊದಲೆರಡು ದಿನ ಮಕ್ಕಳು ಜಿಲೇಬಿ ಜಿಲೇಬಿ ಎಂದು ಕಾಡಿದರು, ಆಮೇಲೆ ಅವರಿಗೂ ಬೇಸರ ಬಂತು. ಟೀಚರ್ ಮಾತ್ರ ಜಗ್ಗಲಿಲ್ಲ. ನಾನೂ ಜಗ್ಗಲಿಲ್ಲ. ದಿನಾ ನನ್ನ ಡೈರಿ ಬಂದಾಗ ಅವರು ನನ್ನ ಮುಖ ನೋಡುತ್ತಿದ್ದರು, ನಾನು ಕಣ್ಣು ಕೆಳಗೆ ಹಾಕದೆ ಅವರ ಮುಖ ನೋಡುತ್ತಿದ್ದೆ. ಎಂಟನೇ ದಿನ, ಬುಧವಾರ, ಕೆಂಪು ಶಾಯಿಯಲ್ಲಿ, ಪಾಲಕರು ನಾಳೆ ಬಂದು ಕಾಣಬೇಕು ಎಂದು ಬರೆದು ಕಳಿಸಿದರು.

ಅವ್ವನಿಗೆ ಓದಿ ಹೇಳಿದೆ. ಶನಿವಾರ ಅರ್ಧ ದಿನ ರಜೆ ಹಾಕಿ ತಾನೇ ಹೋಗಿಬರುತ್ತೇನೆ ಎಂದು ಅಪ್ಪ ಅಂದನಂತೆ. "ಸಹಿ ನಂದು. ನಾನೇ ಹೋಗ್ತೀನಿ" ಎಂದು ಅವ್ವ ಹೇಳಿದಳಂತೆ.

ಗುರುವಾರ ಸಣ್ಣ ಬಿಡುವಿನಲ್ಲಿ ಅವ್ವ ಕ್ಲಾಸಿನ ಬಾಗಿಲಿಗೆ ಬಂದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಚೀಲ. ಟೀಚರ್ ಕುರ್ಚಿ ತೋರಿಸಿದರು. ಅವ್ವ ಕೂಡಲಿಲ್ಲ. ಟೀಚರ್ ಮರಾಠಿಯಲ್ಲಿ, ತಾಯಿ, ಇಂಗ್ಲಿಷ್ ಬಾರದಿದ್ದರೆ ಹೋಗಲಿ, ಮರಾಠಿಯಲ್ಲಾದರೂ ಮಾಡಿ, ಇದು ನಿಮ್ಮ ಸಹಿ ಎಂದು ನನಗೆ ಹೇಗೆ ತಿಳಿಯಬೇಕು ಅಂದರು. ಅವ್ವನಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ಚೀಲದಿಂದ ಒಂದು ಪಾಸ್‌ಬುಕ್ ತೆಗೆದು, ಮೊದಲ ಪುಟ ಬಿಡಿಸಿ, ನನ್ನ ಡೈರಿಯ ಪಕ್ಕದಲ್ಲಿಟ್ಟಳು. ಊರಿನ ಬ್ಯಾಂಕಿನದು. ಅವ್ವನ ಹಳೆಯ ಫೋಟೋ, ಕೆಳಗೆ ಅವೇ ಐದು ದುಂಡು ಅಕ್ಷರ, ಅದರ ಮೇಲೆ ಬ್ಯಾಂಕಿನ ನೀಲಿ ಠಸ್ಸೆ.

ಅವ್ವ ನನ್ನ ಕಡೆ ತಿರುಗಿದಳು. "ಹೇಳು ಅವರಿಗಿ. ಈ ಸಹಿಗಿ ಬ್ಯಾಂಕಿನವ್ರು ರೊಕ್ಕ ಕೊಡ್ತಾರ. ನಿಮ್ಮ ಚಿಕ್ಕಿ ಅದಕ್ಕಿಂತ ತುಟ್ಟಿ ಅದೇನ್ರಿ ಅಂತ ಕೇಳು." ಸ್ಟಾರಿಗೆ ಅವಳು ಚಿಕ್ಕಿ ಅನ್ನುತ್ತಿದ್ದಳು.

ದೊಡ್ಡವರ ನಡುವೆ ಮಾತು ಸಾಗಿಸುವ ಮಕ್ಕಳು ಹರಿತವಾದದ್ದನ್ನು ಮೊಂಡ ಮಾಡಿ ದಾಟಿಸುವುದನ್ನು ಬೇಗ ಕಲಿಯುತ್ತಾರೆ. ತರಕಾರಿಯವನ ಹತ್ತಿರ, ಮನೆ ಮಾಲೀಕರ ಹತ್ತಿರ ನಾನೂ ಹಾಗೆ ಮಾಡಿದವಳೇ. ಆ ದಿನ ಮಾಡಲಿಲ್ಲ. ಒಂದಕ್ಷರ ಬಿಡದೆ, ಅವ್ವನ ದನಿಯಲ್ಲೇ, ಮರಾಠಿಯಲ್ಲಿ ಹೇಳಿದೆ.

ಟೀಚರ್ ಪಾಸ್‌ಬುಕ್ ನೋಡಿದರು, ಡೈರಿ ನೋಡಿದರು. ಕಿವಿ ಕೆಂಪಾಗಿತ್ತು. ಆಯಿತು, ನಾಳೆಯಿಂದ ನಡೆಯುತ್ತದೆ, ಹೋದ ದಿನಗಳದ್ದು ಕೊಡಲಾಗುವುದಿಲ್ಲ ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಗೆದ್ದೆನೆಂದು ಎದೆ ಉಬ್ಬಿಸಿ ನಿಂತಿದ್ದೆ. ಆದರೆ ಅವ್ವ ಅಲ್ಲೇ ಇದ್ದ ನನ್ನ ನೋಟ್‌ಬುಕ್ ಎತ್ತಿಕೊಂಡು, ತಾನು ನೋಡದೇ ಬಿಟ್ಟಿದ್ದ ವಾರದ ಪುಟಗಳನ್ನು ತೆಗೆದು, "ಇದು ಓದು" ಅಂದಳು. ಅಲ್ಲೇ, ಟೀಚರ ಮುಂದೆ. ಎರಡು ಉತ್ತರ ಓದಿದೆ. ಮೂರನೆಯದಕ್ಕೆ ತಡವರಿಸಿದೆ.

"ಕನ್ನಡದಾಗ ಹೇಳು."

"ಗೋದಾವರಿ... ದಿಂಡೋರ್ಯಾಗ ಹುಟ್ಟತದ."

ಅವ್ವ ತಲೆಗೆ ಒಂದು ಮೊಟಕಿದಳು. "ತ್ರ್ಯಂಬಕಕ್ಕ ಹೋಗಿ ನೀರಾಗ ಕಾಲಿಟ್ಟಿದ್ದು ಮರ್ತಿ ಏನ?" ಆಮೇಲೆ ಅದರ ಪಕ್ಕದ ಕೆಂಪು ಗುರುತಿನ ಮೇಲೆ ಬೆರಳಿಟ್ಟು, ಬಹಳ ಮರ್ಯಾದೆಯಿಂದ, ನೇರ ಟೀಚರಿಗೇ ತನ್ನ ಹರಕು ಹಿಂದಿಯಲ್ಲಿ ಹೇಳಿದಳು: ಇದು ತಪ್ಪಿದೆ, ಇದರ ಚಿಕ್ಕಿ ತೆಗೆಯಿರಿ.

ಟೀಚರ್ ಪರವಾಗಿಲ್ಲ ಅಂದರು, ಇರಲಿ ಬಿಡಿ ಅಂದರು. ಅವ್ವ ಕದಲಲಿಲ್ಲ. ಕೊನೆಗೆ ನಾನೇ ಬೆಂಚಿನ ಮೇಲೆ ಹತ್ತಿ, ಉಗುರಿನಿಂದ ಕೆರೆದು ಆ ಸ್ಟಾರ್ ಕಿತ್ತೆ. ಅಡಿಯ ಕಾಗದವೂ ಸ್ವಲ್ಪ ಕಿತ್ತುಬಂತು.

ಅವ್ವನ ಮೇಲೆ ಆಗ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಹೆಮ್ಮೆಯೂ ಇತ್ತು. ಆ ತಿಂಗಳ ಕೊನೆಯ ಶನಿವಾರ ಮುಂದಿನ ಬೆಂಚಿನ ಒಬ್ಬ ಹುಡುಗಿ ಗಂಟೆ ಬಾರಿಸಿದಳು. ವರ್ಷ ಮುಗಿಯುವ ತನಕ ನನಗೆ ಸರದಿ ಬರಲೇ ಇಲ್ಲ. ಇದನ್ನು ದುಃಖದಿಂದ ಹೇಳುತ್ತಿಲ್ಲ. ಸುಳ್ಳು, ಸ್ವಲ್ಪ ದುಃಖವಿದೆ. ಆದರೆ ಆ ಟೀಚರ್ ಮತ್ತೆಂದೂ ಅವ್ವನ ಸಹಿಗೆ ಜಿಲೇಬಿ ಅನ್ನಲಿಲ್ಲ, ಮತ್ತು ಅಂದಿನಿಂದ ನನ್ನ ಉತ್ತರಗಳನ್ನು ಪೂರ್ತಿ ಓದತೊಡಗಿದರು.

ಜೂನಿನಲ್ಲಿ ಅಪ್ಪನಿಗೆ ಮತ್ತೆ ವರ್ಗವಾಯಿತು, ಛತ್ರಪತಿ ಸಂಭಾಜಿನಗರಕ್ಕೆ. ಆಗಿನ್ನೂ ಎಲ್ಲರೂ ಔರಂಗಾಬಾದ್ ಅನ್ನುತ್ತಿದ್ದರು. ಹೊಸ ಶಾಲೆಯ ಆಫೀಸಿನ ಕಿಟಕಿಯ ಮುಂದೆ ಉದ್ದ ಸಾಲು, ಸೆಕೆ, ನಾವು ಮೂವರೂ ಬೆವರುತ್ತ ನಿಂತಿದ್ದೆವು. ಅಪ್ಪ ಅರ್ಜಿ ತುಂಬಿ ಕಿಟಕಿಯೊಳಗೆ ಚಾಚಿದ. ಪಾಲಕರ ಸಹಿ ಬಿಟ್ಟಿದ್ದೀರಿ ಎಂದು ಕ್ಲಾರ್ಕ್ ತಿರುಗಿ ಕೊಟ್ಟ. ಅಪ್ಪ ಪೆನ್ನಿನ ಟೋಪಿ ತೆಗೆದ. ಗೆರೆಯ ಹತ್ತಿರ ಪೆನ್ನು ಒಯ್ದವನು ಅಲ್ಲೇ ನಿಲ್ಲಿಸಿ, ಅರ್ಜಿ ಮತ್ತು ಪೆನ್ನು ಎರಡನ್ನೂ ಅವ್ವನ ಕೈಗೆ ಕೊಟ್ಟ.

ಅವ್ವ ಸಹಿ ಮಾಡಲಿಲ್ಲ. ನನ್ನ ಮುಂದೆ ಹಿಡಿದು, "ಓದು" ಅಂದಳು.

ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಹಿಂದಿನವರು ಗೊಣಗಿದರು. ಕ್ಲಾರ್ಕ್ ಮೇಜು ಕುಟ್ಟಿದ. ಹುಟ್ಟಿದ ತಾರೀಖಿಗೆ ಬಂದಾಗ ಅವ್ವ ನನ್ನನ್ನು ತಡೆದು ಅಪ್ಪನ ಮುಖ ನೋಡಿದಳು. ಅಪ್ಪ ನಾಲಿಗೆ ಕಚ್ಚಿಕೊಂಡು ತಿದ್ದಿದ. ಆಮೇಲೆ ಅವ್ವ ಗೋಡೆಗೆ ಅರ್ಜಿ ಒತ್ತಿ ಹಿಡಿದು ಐದು ಅಕ್ಷರ ಬರೆದಳು, ಪೂರ್ತಿ ಒಂದು ನಿಮಿಷ.

ಕ್ಲಾರ್ಕ್ ಅದನ್ನು ಉಲ್ಟಾ ಸುಲ್ಟಾ ಮಾಡಿ ನೋಡಿ, ಇದೇನಿದು ಅಂದ. ನನ್ನ ಕೈ ಅವ್ವನ ಚೀಲಕ್ಕೆ ಹೋಗಿತ್ತು, ಪಾಸ್‌ಬುಕ್ ಸಿಕ್ಕಿತ್ತು. ಅಷ್ಟರಲ್ಲಿ, ಜಗಳವೆಂದರೆ ಆಗದ ನನ್ನ ಅಪ್ಪ ಕಿಟಕಿಯೊಳಗೆ ಅರ್ಧ ಬಗ್ಗಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದ: "ಅದು ಸಹಿ. ಇವಳ ತಾಯಿಯದು. ಓದಿಸಿ ಕೇಳಿ ಮಾಡಿದ್ದಾಳೆ, ನೀವೂ ನೋಡಿದಿರಿ. ತೆಗೆದುಕೊಳ್ಳಿ."

ಕ್ಲಾರ್ಕ್ ತೆಗೆದುಕೊಂಡ. ಚೀಲದಿಂದ ಅರ್ಧ ಹೊರಗೆಳೆದಿದ್ದ ಪಾಸ್‌ಬುಕ್ಕನ್ನು ನಾನು ಮತ್ತೆ ಒಳಗಿಟ್ಟೆ.