ಕುರಿಯಣ್ಣ ನುಂಗಿಕೊಂಡ ಮಾತು

ಆ ಸಂಶೋಧನಾಲಯದಲ್ಲಿ ಎಲ್ಲರಿಗೂ ಅವನು ಕುರಿಯಣ್ಣ. ಹಿಂಬದಿಯ ತಗಡಿನ ಶೆಡ್ಡಿನಲ್ಲಿದ್ದ ಕುರಿಗಳಿಗೆ ಮೇವು ಹಾಕುವುದು, ಹಿಕ್ಕೆ ಬಳಿಯುವುದು, ಕಾಲಿನ ಆಪರೇಷನ್ ಆದ ಮೇಲೆ ಅವುಗಳಿಗೆ ಮತ್ತೆ ನಡೆಯುವುದನ್ನು ಕಲಿಸುವುದು ಅವನ ಕೆಲಸ.

ಮೂಳೆಯೊಳಗೆ ಕೂರಿಸುವ ಲೋಹ ಕೆಲವರ ಮೈಗೆ ಒಗ್ಗುವುದಿಲ್ಲ. ಮೂಳೆ ಅದನ್ನು ಹಿಡಿಯದೆ ಸಡಿಲ ಬಿಡುತ್ತದೆ. ಅದಕ್ಕೆಂದೇ ಅಲ್ಲಿನ ಡಾಕ್ಟರಮ್ಮ ಸಿಗಡಿ ಚಿಪ್ಪಿನ ಸತ್ವ ತೆಗೆದು ಒಂದು ಲೇಪ ಮಾಡಿದ್ದರು. ಬಯೋಪಾಲಿಮರ್ ಅನ್ನುತ್ತಿದ್ದರು, ಈರುಳ್ಳಿಯ ಒಳಪೊರೆಯಷ್ಟು ತೆಳು. ಅದನ್ನು ಹೊದ್ದ ಲೋಹವನ್ನು ಮೂಳೆ ತನ್ನದೇ ಎಂದು ನಂಬಿ ಸುತ್ತ ಬೆಳೆದುಕೊಳ್ಳುತ್ತದೆ ಎಂಬುದು ಅವರ ವಾದ. ನಂಬಿತೋ ಇಲ್ಲವೋ ತಿಳಿಯಲು ಕೊನೆಗೆ ಮೂಳೆಯನ್ನು ಸೀಳಿಯೇ ನೋಡಬೇಕು. ಹಾಗಾಗಿ ನೆಟ್ಟಗೆ ನಡೆದ ಕುರಿಗೂ ಕುಂಟಿದ ಕುರಿಗೂ ಅಲ್ಲಿ ಗತಿ ಒಂದೇ.

ಅವನ ಹೆಂಡತಿ ಒಂದು ಕಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ಆಳೆತ್ತರದ ಪಾತ್ರೆಗಳನ್ನು ಒಬ್ಬಳೇ ಇಳಿಸುತ್ತಿದ್ದ ಗಟ್ಟಿಗಿತ್ತಿ. ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿಯಿತು. ಹಾಕಿದ ಲೋಹದ ಕೀಲು ವರ್ಷ ತುಂಬುವುದರೊಳಗೆ ಸಡಿಲವಾಗಿ, ಒಂದು ಹೆಜ್ಜೆ ಇಟ್ಟರೆ ಜೀವ ಬಾಯಿಗೆ ಬರುತ್ತಿತ್ತು. ಅಂಥದ್ದೇ ಇನ್ನೊಂದು ಹಾಕಿದರೆ ಅದೂ ನಿಲ್ಲುವುದಿಲ್ಲ ಎಂದು ಆಸ್ಪತ್ರೆಯವರು ಕೈಚೆಲ್ಲಿದರು. ಅಂದಿನಿಂದ ಅವಳಿಗೆ ಮಂಚವೇ ಲೋಕ, ನಾಲಿಗೆಯೇ ಊರುಗೋಲು. ನೋವು ಏರಿದಷ್ಟೂ ಮಾತು ಖಾರವಾಗುತ್ತಿತ್ತು, ಅದು ಗಂಡನ ಮೇಲೇ ಬೀಳುತ್ತಿತ್ತು.

ಆ ಸಲ ಬಂದ ಕುರಿಗಳಲ್ಲಿ ಕಪ್ಪುಮೂತಿಯದೊಂದು ಇತ್ತು. ಆಪರೇಷನ್ ಆದ ಮೇಲೆ ಎದ್ದೇಳಲೊಲ್ಲದು. ಕುರಿಯಣ್ಣ ಅದರ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ನಿಲ್ಲಿಸಿದ, ಅಂಗೈಯಲ್ಲೇ ಹುಲ್ಲು ತಿನ್ನಿಸಿದ. ವಾರಗಳು ಉರುಳಿದವು. ಒಂದು ಬೆಳಿಗ್ಗೆ ಅದು ತಾನಾಗಿ ಎದ್ದು ಬಾಗಿಲ ತನಕ ಬಂದು ಅವನ ಅಂಗಿಯ ಚುಂಗು ಜಗಿಯತೊಡಗಿತು. ಅವನು ಹಿಗ್ಗಿ ಹೀರೇಕಾಯಿಯಾದ. ಆ ಹಿಗ್ಗಿನಲ್ಲೇ ಮನೆಗೆ ಹೋಗಿ ಹೆಂಡತಿಯ ಮುಂದೆ ವರ್ಣಿಸಿದ. ಅಲ್ಲೇ ಎಡವಿದ್ದು.

"ನನ್ನ ಕಾಲು ಒತ್ತೋವಾಗ ಆಕಳಿಸ್ತೀರಿ. ಕುರಿ ಕಾಲು ಅಂದ್ರೆ ಮುಖ ಊರಗಲ ಆಗುತ್ತೆ," ಅಂದಳು.

"ಕುರಿ ಬೈಯಲ್ಲ ಕಣೇ," ಅಂದುಬಿಟ್ಟ.

ತಮಾಷೆಗೆ ಅಂದದ್ದೇ ಇರಬಹುದು. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಮಾರನೆಯ ದಿನದಿಂದ ಅವನು ಚಪ್ಪಲಿ ಬಿಡುವ ಮೊದಲೇ "ನನ್ನ ಸವತಿ ಹೇಗಿದ್ದಾಳೆ?" ಎಂದು ಕೇಳುವುದು ರೂಢಿಯಾಯಿತು. ಓಡುತ್ತಿದ್ದಾಳೆ ಅಂದರೆ ಅವತ್ತು ತಟ್ಟೆ ಹಾಗೇ ಉಳಿಯುತ್ತಿತ್ತು.

ಕಪ್ಪುಮೂತಿಯ ದಿನವೂ ಬಂತು. ಬೇರೆಯವರು ಮುಟ್ಟಿದರೆ ಒದೆಯುತ್ತಿತ್ತು, ಆದ್ದರಿಂದ ಅವನೇ ಹಿಡಿದುಕೊಳ್ಳಬೇಕಾಯಿತು. ಅದು ಅವನ ಕಂಕುಳಲ್ಲಿ ಮೂತಿ ತೂರಿಸಿ ಸುಮ್ಮನೆ ನಿಂತಿತು. ಸೂಜಿ ಚುಚ್ಚಿದ ಮೇಲೆ ಅದರ ಭಾರವೆಲ್ಲ ಅವನ ಮೊಣಕಾಲ ಮೇಲೆ ಬಂತು.

ಸಂಜೆ ಡಾಕ್ಟರಮ್ಮ ಅವನನ್ನು ಕರೆದು ಮೂಳೆಯ ಸೀಳನ್ನು ಮಸೂರದಡಿ ತೋರಿಸಿದರು. ಲೋಹಕ್ಕೂ ಮೂಳೆಗೂ ನಡುವೆ ಕೂದಲು ತೂರುವಷ್ಟೂ ಸಂದಿರಲಿಲ್ಲ. ಕೋಣೆಯಲ್ಲಿ ಎಲ್ಲರೂ ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದರು. ಅವನ ಅಂಗಿಗೆ ಇನ್ನೂ ಉಣ್ಣೆ ಅಂಟಿತ್ತು. ಡಾಕ್ಟರಮ್ಮ ದನಿ ತಗ್ಗಿಸಿ ಹೇಳಿದರು, "ಇನ್ಮೇಲೆ ಮನುಷ್ಯರಿಗೆ ಹಾಕಿ ನೋಡ್ತೀವಿ. ಕೀಲು ಸಡಿಲ ಆದವರೇ ಬೇಕು. ನಿಮ್ಮ ಹೆಂಡ್ತೀನ ಕರ್ಕೊಂಡು ಬನ್ನಿ, ಸರ್ಜನ್ ಹತ್ರ ನಾನು ಮಾತಾಡ್ತೀನಿ."

ದಾರಿಯುದ್ದಕ್ಕೂ ಅವನು ಆ ಮಾತನ್ನು ಬಾಯಲ್ಲಿ ಹೊಂದಿಸಿಕೊಳ್ಳುತ್ತ ಬಂದ. ಬಾಗಿಲು ತೆರೆದದ್ದೇ ತಡ, ಅವಳೇ ಕೇಳಿದಳು. "ಸವತಿ?"

"ಹೋಯ್ತು."

"ಕಾಲು ಸೀಳಿದ್ರಾ?"

"ಹ್ಞೂಂ."

ಅವಳು ನಕ್ಕಳು. ಜೋರಾಗಿ ಅಲ್ಲ, ಬಹಳ ದಿನದ ಮೇಲೆ ಒಳ್ಳೆ ನಿದ್ದೆ ಬಂದವರ ಹಾಗೆ. ಊಟಕ್ಕೆ ಬಡಿಸಿದರೆ ತಟ್ಟೆ ಖಾಲಿ ಮಾಡಿ ಮುಂದೆ ಚಾಚಿದಳು. "ಇನ್ನೊಂದು ಸೌಟು ಹಾಕಿ. ಇವತ್ತು ಬಾಯಿಗೆ ರುಚಿ ಹತ್ತಿದೆ."

ಅವನು ಬಡಿಸಿದ. ಬಾಯಲ್ಲಿದ್ದ ಮಾತನ್ನು ನುಂಗಿಕೊಂಡ.

ನಾಳೆ ಹೇಳಿದರಾಯಿತು ಅಂದುಕೊಂಡ. ಮಾರನೆಯ ದಿನ ಅವಳು ಪಕ್ಕದ ಮನೆಯಾಕೆಗೆ ಸವತಿಯ ಸಾವನ್ನು ಬಣ್ಣ ಕಟ್ಟಿ ಹೇಳುತ್ತಿದ್ದಳು. ಬರಬರುತ್ತ, ಹೇಳದಿರುವುದರಲ್ಲೇ ಅವನಿಗೊಂದು ಸುಖ ಕಾಣತೊಡಗಿತು. ಅವಳು ಬೈಯುವಾಗ ಮೊದಲಿನ ಹಾಗೆ ಉರಿಯುತ್ತಿರಲಿಲ್ಲ. ಬೈಕೋ, ನಿನ್ನ ಕಾಲು ನನ್ನ ನಾಲಿಗೆ ತುದಿಯಲ್ಲಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಎಣ್ಣೆ ತಿಕ್ಕುತ್ತಿದ್ದ.

ಡಾಕ್ಟರಮ್ಮ ಮತ್ತೆ ಕೇಳಿದಾಗ ನೆಲ ನೋಡುತ್ತ ಹೇಳಿದ, "ಅವಳು ಒಪ್ತಿಲ್ಲ ಮೇಡಂ. ಆಪರೇಷನ್ ಅಂದ್ರೆ ಹೆದರ್ತಾಳೆ." ಒಲ್ಲದವರನ್ನು ಬಲವಂತ ಮಾಡುವ ಹಾಗಿಲ್ಲವೆಂದು ಅವರು ಸುಮ್ಮನಾದರು. ಆ ಜಾಗ ಬೇರೊಬ್ಬಳಿಗೆ ಹೋಯಿತು.

ತಿಂಗಳುಗಳ ಮೇಲೆ ಆ ಬೇರೊಬ್ಬಳು ಕೋಲು ಬಿಟ್ಟು ನಡೆದ ದಿನ ಕುರಿಯಣ್ಣನನ್ನೂ ಆಸ್ಪತ್ರೆಗೆ ಕರೆದೊಯ್ದು ತೋರಿಸಿದರು. ಹೆಚ್ಚುಕಡಿಮೆ ತನ್ನ ಹೆಂಡತಿಯ ವಯಸ್ಸು. ಉದ್ದನೆಯ ಪಡಸಾಲೆಯ ಆ ತುದಿಗೆ ಹೋಗಿ ಈ ತುದಿಗೆ ಬಂದು, ನಾಚುತ್ತ ಸೆರಗು ಸರಿಪಡಿಸಿಕೊಂಡಳು. ಮರುದಿನವೇ ಹೆಂಡತಿಗೆ ಕಾರಣ ಏನೋ ಒಂದು ಹೇಳಿ, ಅವಳ ಹೊಸ ಎಕ್ಸ್‌ರೇ ತೆಗೆಸಿ, ತಂದು ಡಾಕ್ಟರಮ್ಮನ ಮುಂದಿಟ್ಟ.

ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲುಗಾಡುವ ಲೋಹ ಒಳಗಿನ ಮೂಳೆಯನ್ನು ತೇದು ಹಾಳೆಯಷ್ಟು ಮಾಡಿತ್ತು. ಲೇಪ ಎಷ್ಟೇ ಒಳ್ಳೆಯದಾದರೂ ಹಿಡಿಯಲು ಮೂಳೆ ಬೇಕಲ್ಲ ಅಂದರು. "ಆಗಲೇ ಧೈರ್ಯ ಮಾಡಿದ್ರೆ ನಿಮ್ಮ ಹೆಂಡ್ತೀನೂ ನಡೀತಿದ್ರು."

ಅವನು ಮನೆಗೆ ಬಂದಾಗ ಪಕ್ಕದ ಮನೆಯಾಕೆ ಕೂತಿದ್ದಳು. ಹೆಂಡತಿ ಅವಳಿಗೆ ಹೇಳುತ್ತಿದ್ದಳು, "ನನ್ನ ಬಾಯಿ ಕೆಟ್ಟದ್ದು, ನಂಗೊತ್ತು. ಇವರಲ್ಲದೆ ಬೇರೆ ಯಾರೇ ಆಗಿದ್ರೂ ಎಂದೋ ಬಿಟ್ಟು ಹೋಗ್ತಿದ್ರು."

ಅವನು ಒಳಗೆ ಹೋಗಿ ನೀರು ಕಾಯಿಸಿದ. ಆಕೆ ಎದ್ದು ಹೋದ ಮೇಲೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಹೆಂಡತಿಯ ಸೊಂಟಕ್ಕೆ ಶಾಖ ಕೊಡಲು ಕೂತ. ಇನ್ನೂ ಸ್ವಲ್ಪ ಬಿಸಿ ಇರಲಿ ಅಂದಳು. ಅವನು ಬಟ್ಟೆಯನ್ನು ಮತ್ತೆ ಅದ್ದಿದ.